ಮೈಸೂರು, ಮಂಡ್ಯದಿಂದ ಸೂರ್ಯನ ಜ್ವಾಲೆ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರಹಣ ಬಂದಾಗ ಮಾತ್ರ ಸೂರ್ಯನ ಕಡೆ ತಿರುಗುವವರು ಜಾಸ್ತಿ. ಆದರೆ ಗ್ರಹಣದಲ್ಲಿ ಚಂದ್ರ ಅಡ್ಡ ಬರುತ್ತಾನೆ, ಅಷ್ಟೇ. ಸೂರ್ಯನ ಮೇಲೇ ಏನಾದರೂ ನಡೆಯುವುದನ್ನು ನೋಡಬೇಕಾದರೆ ಮಾಮೂಲಿ ದಿನಗಳಲ್ಲಿ ನೋಡಬೇಕು. ಮೈಸೂರು, ಮಂಡ್ಯದ ಕಡೆ ಶಾಲೆ ಅಂಗಳದಲ್ಲೋ ಕೆರೆ ಏರಿಯ ಮೇಲೋ ಟೆಲಿಸ್ಕೋಪ್ ಇಟ್ಟಾಗ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಬೇರೆ ಯಾವುದನ್ನು ಬಿಟ್ಟರೂ ಮೊದಲನೆಯದನ್ನು ಬಿಡಬೇಡಿ.

ಕಣ್ಣಿಗೆ ಏನೂ ಆಗಲ್ವಾ?

ಸರಿಯಾದ ಫಿಲ್ಟರ್ ಇಲ್ಲದಿದ್ದರೆ ಖಂಡಿತ ಆಗುತ್ತದೆ. ಕಣ್ಣಿನ ಹಿಂಭಾಗದ ರೆಟಿನಾಗೆ ನೋವು ಗೊತ್ತಾಗುವುದಿಲ್ಲ. ಸುಟ್ಟರೂ ಆ ಹೊತ್ತಿಗೆ ತಿಳಿಯುವುದಿಲ್ಲ. ಕೆಲವು ಗಂಟೆ ಕಳೆದ ಮೇಲೆ ನೋಟದ ನಡುವೆ ಮಸುಕು ಕಲೆ ಕಾಣಿಸಿಕೊಳ್ಳುತ್ತದೆ. ಅದು ಹೋಗದೇ ಉಳಿಯಲೂಬಹುದು.

ಎಕ್ಸ್‌ರೇ ಫಿಲಂ, ಮಸಿ ಹಿಡಿದ ಗಾಜು, ಕೂಲಿಂಗ್ ಗ್ಲಾಸ್, ಸಿ.ಡಿ. ಯಾವುದೂ ಬೇಡ. ತಟ್ಟೆಯಲ್ಲಿ ಅರಿಶಿನದ ನೀರೋ ಸಗಣಿ ನೀರೋ ಇಟ್ಟು ಅದರಲ್ಲಿ ನೋಡುವ ರೂಢಿ ನಮ್ಮ ಕಡೆ ಇದೆ. ಅದೂ ಬೇಡ, ನೀರಿನಲ್ಲಿ ಕಾಣುವ ಸೂರ್ಯನೂ ಸುಡುವಷ್ಟು ಪ್ರಖರ. ಬರಿಗಣ್ಣಿಗೆ ಐಎಸ್‌ಒ 12312-2 ಗುಣಮಟ್ಟದ ಸೌರ ಕನ್ನಡಕ ಇರಬೇಕು. ಇಲ್ಲವೇ 14ನೇ ನಂಬರಿನ ವೆಲ್ಡಿಂಗ್ ಗಾಜು. ಕನ್ನಡಕವನ್ನು ಪ್ರತಿ ಸಲ ಟ್ಯೂಬ್‌ಲೈಟಿಗೆ ಹಿಡಿದು ನೋಡಿ. ಗೀರೋ ಸಣ್ಣ ತೂತೋ ಕಂಡರೆ ಕತ್ತರಿಸಿ ಎಸೆಯಿರಿ. ಸುಮ್ನೆ ಎಸೆದರೆ ಯಾವುದಾದರೂ ಮಗು ಎತ್ತಿಕೊಳ್ಳುತ್ತದೆ.

ಟೆಲಿಸ್ಕೋಪ್ ಅಥವಾ ಬೈನಾಕ್ಯುಲರ್ ಆದರೆ ಫಿಲ್ಟರ್ ಮುಂಭಾಗದಲ್ಲಿ, ಅಂದರೆ ದೊಡ್ಡ ಲೆನ್ಸಿನ ಆಚೆ ಇರಬೇಕು. ಕಣ್ಣಿಡುವ ಕಡೆ ತಿರುಗಿಸಿ ಹಾಕುವ ಸಣ್ಣ ಕಪ್ಪು ಗಾಜು ಕೆಲವು ಹಳೆಯ ಟೆಲಿಸ್ಕೋಪ್ ಜೊತೆ ಬರುತ್ತದೆ. ಅದು ಬಿಸಿಗೆ ಸೀಳಿ ಹೋಗುತ್ತದೆ. ಅದನ್ನು ಬಳಸಲೇಬೇಡಿ. ಸೌರ ಕನ್ನಡಕ ಹಾಕಿಕೊಂಡು ಬೈನಾಕ್ಯುಲರ್‌ನಲ್ಲಿ ನೋಡುವುದು ಇನ್ನೂ ಅಪಾಯ. ಮುಖ್ಯ ಟ್ಯೂಬಿನ ಪಕ್ಕದಲ್ಲಿ ಗುರಿ ಹಿಡಿಯಲು ಇರುವ ಸಣ್ಣ ದುರ್ಬೀನಿಗೆ, ಅಂದರೆ ಫೈಂಡರ್‌ಗೆ ಮುಚ್ಚಳ ಹಾಕಿ, ಇಲ್ಲವೇ ಕಳಚಿಡಿ. ಆಷಾಢದ ಗಾಳಿಯಲ್ಲಿ ಫಿಲ್ಟರ್ ಹಾರಿಹೋಗಬಹುದು, ಹಾಗಾಗಿ ಟೇಪ್ ಸುತ್ತಿ.

ಬೆಳಗ್ಗೆ ಸೂರ್ಯ ನಮಸ್ಕಾರ ಮಾಡುವಾಗ ಸೂರ್ಯನನ್ನು ನೋಡಬಹುದಾ?

ನಮಸ್ಕಾರ ಮಾಡಿ, ದಿಟ್ಟಿಸಬೇಡಿ. ದಿಗಂತದಲ್ಲಿ ಕೆಂಪಗಿರುವಾಗ ಬೆಳಕು ಕಡಿಮೆ ಅನ್ನಿಸುತ್ತದೆ, ನಿಜ. ಆದರೆ ಅದು ಯಾವ ನಿಮಿಷದಲ್ಲಿ ಹೆಚ್ಚಾಗುತ್ತದೆ ಎಂದು ಕಣ್ಣಿಗೆ ಸರಿಯಾಗಿ ಅಂದಾಜು ಸಿಗುವುದಿಲ್ಲ. ರಥಸಪ್ತಮಿ ದಿನವೂ ಇದೇ ಮಾತು.

ಜ್ವಾಲೆ ಬೇರೆ, ಸ್ಫೋಟ ಬೇರೆಯಾ? ಟಿವಿಯಲ್ಲಿ ಎಲ್ಲದಕ್ಕೂ ಸೌರ ಬಿರುಗಾಳಿ ಅಂತಾರಲ್ಲ?

ಬೇರೆ ಬೇರೆ. ಸೂರ್ಯಕಲೆಗಳು, ಅಂದರೆ ಸೂರ್ಯನ ಮೇಲಿನ ಕಪ್ಪು ಮಚ್ಚೆಗಳು ಇರುವ ಜಾಗದಲ್ಲಿ ಕಾಂತಕ್ಷೇತ್ರ ತುಂಬಾ ಬಲವಾಗಿರುತ್ತದೆ. ಅಲ್ಲಿನ ಕಾಂತರೇಖೆಗಳು ತಿರುಚಿಕೊಂಡು, ಕೊನೆಗೆ ತುಂಡಾಗಿ ಬೇರೆ ರೀತಿ ಜೋಡಿಕೊಳ್ಳುತ್ತವೆ. ಆಗ ಕೂಡಿಟ್ಟ ಶಕ್ತಿ ಒಮ್ಮೆಲೇ ಹೊರಬರುತ್ತದೆ. ಅದರಲ್ಲಿ ಬೆಳಕು, ಎಕ್ಸ್‌ರೇ, ರೇಡಿಯೋ ಅಲೆಗಳಾಗಿ ಬರುವುದು ಜ್ವಾಲೆ, ಅಂದರೆ ಫ್ಲೇರ್. ಅದು 15 ಕೋಟಿ ಕಿಲೋಮೀಟರ್ ದಾಟಿ ಎಂಟು ನಿಮಿಷ ಚಿಲ್ಲರೆಯಲ್ಲಿ ನಮ್ಮನ್ನು ಮುಟ್ಟುತ್ತದೆ.

ಕೆಲವು ಸಲ ಜ್ವಾಲೆಯ ಜೊತೆಗೆ ಸೂರ್ಯನ ಹೊರಪದರದ ಕಾದ ಅನಿಲವೂ ಕಾಂತಕ್ಷೇತ್ರ ಸಮೇತ ಕಿತ್ತುಕೊಂಡು ಹೊರಡುತ್ತದೆ. ಸ್ಫೋಟ ಅನ್ನುವುದು ಇದನ್ನೇ, ಇದಕ್ಕೆ ಸಿಎಂಇ (ಕರೋನಲ್ ಮಾಸ್ ಇಜೆಕ್ಷನ್) ಎನ್ನುತ್ತಾರೆ. ಸೆಕೆಂಡಿಗೆ ನೂರಾರು ಕಿಲೋಮೀಟರ್, ಅಪರೂಪಕ್ಕೆ 2,000–3,000 ಕಿಲೋಮೀಟರ್ ವೇಗದಲ್ಲಿ ಬರುತ್ತದೆ. ಭೂಮಿಗೆ ತಲುಪಲು ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಅದು ನಮ್ಮ ಕಡೆಗೇ ಹೊರಡಬೇಕು ಎಂದೇನೂ ಇಲ್ಲ. ಜ್ವಾಲೆ ಇದ್ದು ಸಿಎಂಇ ಇಲ್ಲದಿರಬಹುದು, ಸಿಎಂಇ ಇದ್ದು ದೊಡ್ಡ ಜ್ವಾಲೆ ಇಲ್ಲದಿರಬಹುದು. ಸುದ್ದಿಯಲ್ಲಿ ಇವೆರಡನ್ನೂ ಕಲಸಿ ಹೇಳುವುದರಿಂದಲೇ ಅರ್ಧ ಗಾಬರಿ ಹುಟ್ಟುವುದು.

ಎಂ, ಎಕ್ಸ್ ಅಂತ ದರ್ಜೆ ಕೊಡುತ್ತಾರಲ್ಲ, ಏನದು?

ಎ, ಬಿ, ಸಿ, ಎಂ, ಎಕ್ಸ್. ಒಂದಕ್ಕಿಂತ ಮುಂದಿನದು ಹತ್ತು ಪಟ್ಟು ಜೋರು. ಅಮೆರಿಕದ ಗೋಸ್ ಉಪಗ್ರಹಗಳು ಅಳೆಯುವ ಎಕ್ಸ್‌ರೇ ಪ್ರಮಾಣದ ಮೇಲೆ ಈ ದರ್ಜೆ ನಿಂತಿದೆ. ಎಕ್ಸ್ ಆದ ಮೇಲೆ ಅಕ್ಷರ ಇಲ್ಲ, ಸಂಖ್ಯೆ ಬೆಳೆಯುತ್ತಾ ಹೋಗುತ್ತದೆ. 2003ರ ನವೆಂಬರ್ 4ರ ಜ್ವಾಲೆಗೆ ಉಪಗ್ರಹದ ಅಳತೆ ಮುಗಿದೇಹೋಯಿತು. ಅದನ್ನು ಎಕ್ಸ್ 28 ಅಥವಾ ಅದಕ್ಕೂ ಮೇಲೆ ಎಂದು ಅಂದಾಜು ಮಾಡಿದರು.

ನನ್ನ ಹತ್ತಿರ ಸಣ್ಣ ಟೆಲಿಸ್ಕೋಪ್, ಬಿಳಿ ಬೆಳಕಿನ ಫಿಲ್ಟರ್ ಇದೆ. ಜ್ವಾಲೆ ಕಾಣುತ್ತಾ?

ಬಹುಮಟ್ಟಿಗೆ ಕಾಣುವುದಿಲ್ಲ. ಫಿಲ್ಟರ್ ಫಿಲಂ ಒಂದು ಲಕ್ಷದಲ್ಲಿ ಒಂದು ಪಾಲು ಬೆಳಕನ್ನಷ್ಟೇ ಬಿಡುತ್ತದೆ. ಅದರಲ್ಲಿ ಕಾಣುವುದು ಸೂರ್ಯನ ಮೇಲ್ಮೈ. ಆ ಮೇಲ್ಮೈ ಎಷ್ಟು ಪ್ರಖರ ಎಂದರೆ ಹೆಚ್ಚಿನ ಜ್ವಾಲೆಗಳು ಅದರ ಮುಂದೆ ಮುಚ್ಚಿಹೋಗುತ್ತವೆ. ತೀರಾ ದೊಡ್ಡವು ಮಾತ್ರ ಕೆಲವು ನಿಮಿಷ ಬಿಳಿ ಚುಕ್ಕೆಗಳಾಗಿ ಕಾಣಬಹುದು.

ಹಾಗೆ ಕಂಡಿದ್ದೇ ಇತಿಹಾಸದ ಮೊದಲ ದಾಖಲೆ. 1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನಲ್ಲಿ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಬಿಂಬವನ್ನು ಪರದೆಯ ಮೇಲೆ ಬೀಳಿಸಿ ಕಲೆಗಳ ಚಿತ್ರ ಬರೆಯುತ್ತಿದ್ದರು. ಕಲೆಗಳ ನಡುವೆ ಎರಡು ಬಿಳಿ ಹೊಳಪು ಹೊತ್ತಿಕೊಂಡವು. ಐದೇ ನಿಮಿಷದಲ್ಲಿ ಆರಿಹೋದವು. ರಿಚರ್ಡ್ ಹಾಡ್ಜ್‌ಸನ್ ಎಂಬ ಇನ್ನೊಬ್ಬರು ಬೇರೆ ಕಡೆಯಿಂದ ಅದನ್ನೇ ನೋಡಿದ್ದರಿಂದ ಸುದ್ದಿ ಗಟ್ಟಿಯಾಯಿತು. ಸುಮಾರು 17 ಗಂಟೆ ಕಳೆದ ಮೇಲೆ ಭೂಮಿಯ ಮೇಲೆ ಭಾರೀ ಕಾಂತ ಬಿರುಗಾಳಿ ಎದ್ದಿತು, ಅಂದರೆ ಭೂಮಿಯ ಕಾಂತಕ್ಷೇತ್ರ ಕಲಕಿಹೋಯಿತು, ಟೆಲಿಗ್ರಾಫ್ ತಂತಿಗಳು ಕೆಟ್ಟವು. ಮುಂಬೈನ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕ ಆಗ ತೋರಿಸಿದ ಕುಸಿತ ಸುಮಾರು 1,600 ನ್ಯಾನೋಟೆಸ್ಲಾ (ಕಾಂತಕ್ಷೇತ್ರದ ಬಲ ಅಳೆಯುವ ಮಾನ). ವಿಜ್ಞಾನಿಗಳು ಆ ದಾಖಲೆಯನ್ನು ಇವತ್ತಿಗೂ ತೆಗೆದು ನೋಡುತ್ತಾರೆ.

ಇಲ್ಲಿ ಒಂದು ಗಮನಿಸಿ. ಕ್ಯಾರಿಂಗ್ಟನ್ ಜ್ವಾಲೆ ಹುಡುಕುತ್ತಾ ಕೂತಿರಲಿಲ್ಲ. ದಿನವೂ ಕಲೆ ಬರೆಯುವ ಅಭ್ಯಾಸವಿತ್ತು, ಅದರ ನಡುವೆ ಜ್ವಾಲೆ ಸಿಕ್ಕಿತು. ಬಿಳಿ ಫಿಲ್ಟರ್ ಇರುವವರಿಗೆ ನಾನು ಹೇಳುವುದು ಇಷ್ಟೇ: ಜ್ವಾಲೆಗೆ ಕಾಯಬೇಡಿ, ಕಲೆಗಳ ಜೊತೆ ಪರಿಚಯ ಮಾಡಿಕೊಳ್ಳಿ. ಇವತ್ತು ಚಿಕ್ಕದಿದ್ದ ಗುಂಪು ನಾಳೆ ಹರಡಿ ಗೋಜಲಾಗಿದ್ದರೆ ಅದರ ಮೇಲೆ ಕಣ್ಣಿಡಿ. ದುಂಡಗೆ ಒಂಟಿಯಾಗಿ ಇರುವ ಕಲೆ ಸಾಮಾನ್ಯವಾಗಿ ಸಾಧು. ಹಲವು ಕಪ್ಪು ಚುಕ್ಕೆಗಳು ಒಂದೇ ಮಸುಕು ಅಂಚಿನೊಳಗೆ ಒತ್ತೊತ್ತಾಗಿ ಸೇರಿಕೊಂಡಿದ್ದರೆ ಅದೇ ಕಿಡಿಗೇಡಿ.

ಕಲೆಗಳ ಚಿತ್ರ ಬರೆಯುವುದು ಹೇಗೆ? ನನಗೆ ಚಿತ್ರ ಬರೋದೇ ಇಲ್ಲ.

ಚಿತ್ರಕಲೆ ಗೊತ್ತಿರಬೇಕಿಲ್ಲ. ಹತ್ತು ಹದಿನೈದು ಸೆಂಟಿಮೀಟರ್ ಅಗಲದ ವೃತ್ತ ಬರೆದು, ಕಲೆಗಳನ್ನು ಪೆನ್ಸಿಲ್‌ನಿಂದ ಗುರುತು ಹಾಕಿ. ಟೆಲಿಸ್ಕೋಪ್ ನಿಲ್ಲಿಸಿದರೆ ಬಿಂಬ ತಾನೇ ಜಾರಿಹೋಗುತ್ತದೆ. ಅದು ಜಾರುವ ದಿಕ್ಕೇ ಪಶ್ಚಿಮ. ಪಕ್ಕದಲ್ಲಿ ದಿನ, ಗಂಟೆ, ಮೋಡ ಎಷ್ಟಿತ್ತು ಬರೆಯಿರಿ. ಗುಂಪುಗಳ ಸಂಖ್ಯೆಯನ್ನು ಹತ್ತರಿಂದ ಗುಣಿಸಿ, ಒಟ್ಟು ಚುಕ್ಕೆಗಳನ್ನು ಕೂಡಿಸಿ. 3 ಗುಂಪು, 14 ಚುಕ್ಕೆ ಇದ್ದರೆ 44. ಹತ್ತೊಂಬತ್ತನೇ ಶತಮಾನದಲ್ಲಿ ರುಡಾಲ್ಫ್ ವುಲ್ಫ್ ಹಾಕಿಕೊಟ್ಟ ಲೆಕ್ಕ ಇದು.

ಸೂರ್ಯ ಸುಮಾರು 27 ದಿನಕ್ಕೊಮ್ಮೆ ನಮಗೆ ಅದೇ ಮುಖ ತೋರಿಸುತ್ತಾನೆ. ಆಚೆ ಅಂಚಿನಲ್ಲಿ ಮರೆಯಾದ ಗುಂಪು ಎರಡು ವಾರ ಕಳೆದು ಈಚೆ ಅಂಚಿನಲ್ಲಿ ಮತ್ತೆ ಬರಬಹುದು. ನೋಟ್‌ಬುಕ್ಕಿನಲ್ಲಿ ಅದನ್ನು ಗುರುತು ಹಿಡಿಯುವ ಖುಷಿ ಬೇರೆ.

ಟೆಲಿಸ್ಕೋಪ್ ಇಲ್ಲದ ಶಾಲೆಯಲ್ಲಿ ಏನು ಮಾಡಬಹುದು ಸಾರ್?

ಒಂದು ಸಣ್ಣ ಕನ್ನಡಿ ಸಾಕು. ಅದರ ಮೇಲೆ ಕಾಗದ ಅಂಟಿಸಿ, ನಡುವೆ ಅರ್ಧ ಸೆಂಟಿಮೀಟರ್‌ನಷ್ಟು ತೂತು ಬಿಡಿ. ಮರಳು ತುಂಬಿದ ಪ್ಲಾಸ್ಟಿಕ್ ಚೆಂಡಿಗೆ ಆ ಕನ್ನಡಿ ಅಂಟಿಸಿ, ಚೆಂಡನ್ನು ಟೇಪಿನ ಸುರುಳಿಯ ಮೇಲೆ ಕೂರಿಸಿ. ಬೇಕಾದ ಕಡೆ ತಿರುಗಿಸಬಹುದು. ಅಂಗಳದಿಂದ ಕತ್ತಲೆ ಕೋಣೆಯ ಗೋಡೆಗೆ ಬಿಸಿಲು ಹಾಯಿಸಿ. ಕಾಣುವುದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ. 10 ಮೀಟರ್ ದೂರಕ್ಕೆ ಸುಮಾರು 9 ಸೆಂಟಿಮೀಟರ್, 25 ಮೀಟರಿಗೆ ಒಂದು ಗೇಣಿಗಿಂತ ದೊಡ್ಡದು. ದೊಡ್ಡ ಕಲೆ ಇದ್ದ ದಿನ ಅದೂ ಮಸುಕಾಗಿ ಕಾಣುತ್ತದೆ. ಕನ್ನಡಿಯ ಕಡೆ ಯಾರೂ ತಿರುಗಿ ನೋಡದಂತೆ ಒಬ್ಬ ಮೇಷ್ಟ್ರು ಬಾಗಿಲಲ್ಲಿ ನಿಂತಿರಲಿ.

ಹಾಗಾದರೆ ಬೆಂಕಿಯ ನಾಲಿಗೆಯಂತೆ ಕಾಣುವ ಚಿತ್ರಗಳನ್ನು ಹೇಗೆ ತೆಗೆಯುತ್ತಾರೆ?

ಹೈಡ್ರೋಜನ್ ಆಲ್ಫಾ ಟೆಲಿಸ್ಕೋಪಿನಿಂದ. ಹೈಡ್ರೋಜನ್ ಹೊಮ್ಮಿಸುವ ಒಂದೇ ಒಂದು ಕೆಂಪು ಬಣ್ಣವನ್ನು, 656.28 ನ್ಯಾನೋಮೀಟರ್ ತರಂಗವನ್ನು, ಮಾತ್ರ ಅದು ಬಿಡುತ್ತದೆ. ಆಗ ಮೇಲ್ಮೈಯ ಮೇಲಿನ ಪದರ ಕಾಣುತ್ತದೆ. ಅಂಚಿನಲ್ಲಿ ಕಮಾನಿನಂತೆ ಎದ್ದು ನಿಂತ ಅನಿಲವೇ ಪ್ರಾಮಿನೆನ್ಸ್. ಅದೇ ವಸ್ತು ಸೂರ್ಯನ ಮುಖದ ಮೇಲೆ ಬಂದಾಗ ಕಪ್ಪು ದಾರದ ಹಾಗೆ ಕಾಣುತ್ತದೆ, ಆಗ ಅದು ಫಿಲಮೆಂಟ್. ಬೆಲೆ ಲಕ್ಷದ ಲೆಕ್ಕದಲ್ಲಿ ಬರುತ್ತದೆ. ಒಬ್ಬರೇ ಕೊಳ್ಳುವ ಬದಲು ನಾಲ್ಕು ಜನ ಸೇರಿ ಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ. ದುಡ್ಡು ಮಾತ್ರ ಕಾರಣವಲ್ಲ, ಕಾಯುವುದಕ್ಕೆ ಜೊತೆ ಬೇಕು.

ಏಕೆಂದರೆ ಇಲ್ಲಿ ಕಾಯುವುದೇ ಕೆಲಸ. ಪ್ರಾಮಿನೆನ್ಸ್ ನೋಡುತ್ತಾ ಕೂತರೆ ಅಲುಗಾಡಿದಂತೆ ಅನಿಸುವುದಿಲ್ಲ. ಚಹಾ ಕುಡಿದು ಬಂದು ನೋಡಿ, ಆಕಾರ ಬದಲಾಗಿರುತ್ತದೆ. ಜ್ವಾಲೆ ಬಂದರೆ ಕಲೆಗಳ ಗುಂಪಿನ ನಡುವೆ ಒಂದು ಹೊಳಪು ಶುರುವಾಗಿ ನಿಮಿಷಗಳಲ್ಲಿ ಏರುತ್ತದೆ. ದೊಡ್ಡದಾದರೆ ಎರಡು ಸಮಾನಾಂತರ ಪಟ್ಟಿಗಳಾಗಿ ಒಂದನ್ನೊಂದು ಬಿಟ್ಟು ಸರಿಯುತ್ತವೆ. ಆರುವುದು ನಿಧಾನ, ಗಂಟೆಗಟ್ಟಲೆ ಹಿಡಿಯಬಹುದು.

ಫಿಲಮೆಂಟ್ ಸ್ಫೋಟ ನೋಡುವವರಿಗೆ ಒಂದು ಸೂಕ್ಷ್ಮ ಗೊತ್ತಿರಬೇಕು. ಅದು ನಮ್ಮ ಕಡೆ ಜೋರಾಗಿ ಬಂದರೆ ಅದರ ಬೆಳಕಿನ ತರಂಗ ನೀಲಿಯ ಕಡೆ ಸರಿಯುತ್ತದೆ, ಫಿಲ್ಟರಿನ ಕಿಂಡಿಯಿಂದ ಆಚೆ ಹೋಗುತ್ತದೆ. ಇದ್ದದ್ದು ಇದ್ದಕ್ಕಿದ್ದಂತೆ ಮಾಯವಾಯಿತು ಅನಿಸುತ್ತದೆ. ಆಗ ಟ್ಯೂನಿಂಗ್ ತಿರುಪನ್ನು ಸ್ವಲ್ಪ ತಿರುಗಿಸಿ, ಮತ್ತೆ ಸಿಗಬಹುದು.

ಎಲ್ಲಿಂದ ನೋಡಿದರೆ ಒಳ್ಳೆಯದು? ಚಾಮುಂಡಿ ಬೆಟ್ಟವಾ?

ಎಲ್ಲರೂ ಮೊದಲು ಬೆಟ್ಟವನ್ನೇ ಹೇಳುತ್ತಾರೆ. ರಾತ್ರಿಯ ಆಕಾಶದ ಲೆಕ್ಕ ಬೇರೆ, ಹಗಲಿನದು ಬೇರೆ. ಹಗಲು ನಮ್ಮ ಶತ್ರು ಕಾದ ನೆಲ. ಬಂಡೆ, ಡಾಂಬರು, ಕಾಂಕ್ರೀಟ್ ತಾರಸಿ ಬೇಗ ಕಾಯುತ್ತವೆ. ಅವುಗಳ ಮೇಲಿನ ಗಾಳಿ ಕುಣಿಯುತ್ತದೆ, ಸೂರ್ಯನ ಅಂಚು ನಡುಗುತ್ತದೆ. ಹತ್ತೂವರೆ ಆದ ಮೇಲೆ ತಾರಸಿಯಿಂದ ಸೂಕ್ಷ್ಮ ವಿವರ ನೋಡುವ ಆಸೆ ಬಿಡಿ.

ನೀರು ಬೇಗ ಕಾಯುವುದಿಲ್ಲ, ಅದರ ಮೇಲಿನ ಗಾಳಿ ಶಾಂತ. ಉದಯಪುರ ಸೌರ ವೀಕ್ಷಣಾಲಯ ಫತೇಸಾಗರ ಕೆರೆಯ ನಡುವೆ ಇರುವುದು ಇದಕ್ಕೇ. ಮೈಸೂರಿನವರಿಗೆ ಕುಕ್ಕರಹಳ್ಳಿ ಕೆರೆ ಇದೆ. ಪಶ್ಚಿಮದ ದಡದಲ್ಲಿ ನಿಂತರೆ ಬೆಳಗಿನ ಸೂರ್ಯ ನೀರಿನ ಮೇಲೆ ಸಿಗುತ್ತಾನೆ. ಕೆಆರ್‌ಎಸ್ ಹಿನ್ನೀರಿನ ದಡ ಇನ್ನೂ ವಿಶಾಲ. ಮಂಡ್ಯದ ಕಡೆಯವರು ನೀರು ನಿಂತ ಗದ್ದೆ ಬದಿಯನ್ನೋ ನಾಲೆ ಏರಿಯನ್ನೋ ನೋಡಿಕೊಳ್ಳಬಹುದು. ಕಬ್ಬು ಕಡಿದು ತರಗು ಸುಡುವ ಕಾಲದಲ್ಲಿ ಮಾತ್ರ ಹೊಗೆಯ ದಿಕ್ಕು ನೋಡಿ ಜಾಗ ಹಿಡಿಯಿರಿ.

ಹೊತ್ತು ಅಂದರೆ ಬೆಳಗ್ಗೆ ಏಳೂವರೆಯಿಂದ ಒಂಬತ್ತೂವರೆ. ಡಿಸೆಂಬರ್, ಜನವರಿಯಲ್ಲಿ ನಾಲೆ ಬಯಲಿನ ಮಂಜು ಕರಗಲು ಎಂಟಾಗಬಹುದು. ಗಾಳಿ ನಿಜವಾಗಿ ಶಾಂತವಿದ್ದ ದಿನ ಮೇಲ್ಮೈಯ ಸಣ್ಣ ಸಣ್ಣ ಕಾಳುಗಳು ಕಾಣುತ್ತವೆ. ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಮೇಲೆ ಏಳುವ ಗುಳ್ಳೆಗಳ ಹಾಗೆ. ಒಂದೊಂದು ಕಾಳೂ ಸಾವಿರ ಕಿಲೋಮೀಟರ್ ಆಸುಪಾಸು ಅಗಲ. ಕೆಲವು ನಿಮಿಷದಲ್ಲಿ ಹುಟ್ಟಿ ಕರಗುತ್ತದೆ.

ಏಪ್ರಿಲ್ 22–23ರ ಸುಮಾರಿಗೆ ಮೈಸೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ. ತಿರುಗುವ ಪೆಟ್ಟಿಗೆಯಂಥ ಪೀಠದ ಮೇಲೆ ಕೂರುವ ಡಾಬ್ಸೋನಿಯನ್ ಟೆಲಿಸ್ಕೋಪನ್ನು ಆಗ ತಿರುಗಿಸುವುದು ದೊಡ್ಡ ಪೇಚಾಟ.

ಇವತ್ತು ಜ್ವಾಲೆ ಬರುತ್ತೆ ಅಂತ ಮೊದಲೇ ಗೊತ್ತಾಗುತ್ತಾ?

ಹವಾಮಾನದಂತೆ ಸಾಧ್ಯತೆ ಹೇಳುತ್ತಾರೆ, ನಿಮಿಷ ಹೇಳುವುದಿಲ್ಲ. ಅಮೆರಿಕದ ಬಾಹ್ಯಾಕಾಶ ಹವಾಮಾನ ಕೇಂದ್ರ ದಿನವೂ ಮುನ್ಸೂಚನೆ ಕೊಡುತ್ತದೆ. ಗೋಸ್ ಎಕ್ಸ್‌ರೇ ಗ್ರಾಫ್ ಮೊಬೈಲಿನಲ್ಲೇ ನೋಡಬಹುದು. ಅದರ ಸಮಯ ಯುಟಿಸಿಯಲ್ಲಿ, ಅಂದರೆ ವಿಶ್ವ ಸಮಯದಲ್ಲಿ ಇರುತ್ತದೆ, ಐದೂವರೆ ಗಂಟೆ ಕೂಡಿಸಿಕೊಳ್ಳಿ.

ಉಳಿದದ್ದು ಅದೃಷ್ಟ. 2024ರ ಮೇ 14ರ ಎಕ್ಸ್ 8.7 ಜ್ವಾಲೆ ತುದಿ ಮುಟ್ಟಿದಾಗ ನಮ್ಮಲ್ಲಿ ರಾತ್ರಿ 10:21. ಏನೂ ಮಾಡುವಂತಿರಲಿಲ್ಲ. ಅದೇ ವರ್ಷ ಅಕ್ಟೋಬರ್ 3ರಂದು ಎಕ್ಸ್ 9 ಬಂತು, ಈ ಸೌರಚಕ್ರದಲ್ಲಿ (ಕಲೆಗಳು ಹೆಚ್ಚಿ ಮತ್ತೆ ಇಳಿಯುವ ಒಂದು ಸುತ್ತು) ಅಲ್ಲಿಯವರೆಗಿನ ಅತಿ ದೊಡ್ಡದು. ಬೆಳಗ್ಗೆ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ ಆಗಿದ್ದ ದಿನ ಅದು. ಜ್ವಾಲೆ ತುದಿಗೇರಿದ್ದು ಸಂಜೆ 5:48ಕ್ಕೆ. ಮೈಸೂರಿನಲ್ಲಿ ಸೂರ್ಯ ಇನ್ನೂ ಮುಳುಗಿರಲಿಲ್ಲ! ಇಡೀ ಊರು ದೀಪಾಲಂಕಾರಕ್ಕೆ ಕಾಯುತ್ತಿದ್ದ ಹೊತ್ತು.

ಸೌರಚಕ್ರದ ಉತ್ತುಂಗ ಮುಗಿಯಿತಂತೆ. ಇನ್ನು ಶುರು ಮಾಡಿ ಪ್ರಯೋಜನ ಇದೆಯಾ?

ಇದೆ. ಈಗಿನ 25ನೇ ಚಕ್ರ ಶುರುವಾದದ್ದು 2019ರ ಡಿಸೆಂಬರ್‌ನಲ್ಲಿ. ಒಂದು ಚಕ್ರಕ್ಕೆ ಸುಮಾರು 11 ವರ್ಷ. ಕಲೆಗಳ ಸಂಖ್ಯೆ ಇಳಿಯುವ ಕಾಲದಲ್ಲೇ ಕೆಲವು ಭಾರೀ ಜ್ವಾಲೆಗಳು ಬಂದಿವೆ. 2003ರದ್ದು ಹಾಗೆ ಬಂದದ್ದೇ. 24ನೇ ಚಕ್ರದ ಉತ್ತುಂಗ 2014ರಲ್ಲಿ, ಅದರ ಅತಿ ದೊಡ್ಡ ಎಕ್ಸ್ 9.3 ಬಂದದ್ದು 2017ರ ಸೆಪ್ಟೆಂಬರ್ 6ರಂದು.

ಮಳೆಗಾಲದಲ್ಲಿ ಏನು ಮಾಡುವುದು?

ಕೇಳಿಸಿಕೊಳ್ಳಿ! ಜ್ವಾಲೆಯ ಎಕ್ಸ್‌ರೇ ನಮ್ಮ ವಾತಾವರಣದ ಮೇಲ್ಪದರದ ಅಯಾನುಗೋಳವನ್ನು ಕಲಕುತ್ತದೆ. ಶಾರ್ಟ್‌ವೇವ್ ರೇಡಿಯೋ ಹಗಲಿನ ಭಾಗದಲ್ಲಿ ಕೆಲವು ನಿಮಿಷದಿಂದ ಗಂಟೆಯವರೆಗೆ ಸತ್ತುಹೋಗಬಹುದು. ಹ್ಯಾಮ್ ರೇಡಿಯೋದವರಿಗೆ ಇದು ಚೆನ್ನಾಗಿ ಗೊತ್ತು. ಎಫ್‌ಎಂಗೆ ಇದರಿಂದ ಏನೂ ಆಗುವುದಿಲ್ಲ.

ತೀರಾ ಕಡಿಮೆ ಕಂಪನಾಂಕದ ವಿಎಲ್‌ಎಫ್ ಅಲೆಗಳಲ್ಲಿ ಇದನ್ನು ಮನೆಯಲ್ಲೇ ಅಳೆಯಬಹುದು. ತಿರುನಲ್ವೇಲಿ ಬಳಿಯ ನೌಕಾಪಡೆಯ ಕೇಂದ್ರ 18.2 ಕಿಲೋಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ. ಮರದ ಚೌಕಟ್ಟಿಗೆ ಹತ್ತಾರು ಸುತ್ತು ತಂತಿ ಸುತ್ತಿ, ಸಣ್ಣ ಆಂಪ್ಲಿಫೈಯರ್ ಮೂಲಕ ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಕೊಟ್ಟರೆ ಆ ಸಿಗ್ನಲ್ ಸಿಗುತ್ತದೆ. ಸಂದೇಶ ಏನೆಂದು ನಮಗೆ ಬೇಕಿಲ್ಲ, ಅದರ ಬಲ ಎಷ್ಟು ಎಂಬುದಷ್ಟೇ ಬೇಕು. ಹಗಲು ಜ್ವಾಲೆ ಬಂದರೆ ಗ್ರಾಫ್ ಥಟ್ಟನೆ ಬದಲಾಗಿ, ಮೆಲ್ಲಗೆ ಹಳೆಯ ಮಟ್ಟಕ್ಕೆ ಬರುತ್ತದೆ. ಮೋಡ ಎಷ್ಟಿದ್ದರೂ ಅಡ್ಡಿಯಿಲ್ಲ. ಹತ್ತಿರದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಪಂಪ್‌ಸೆಟ್ ಸ್ಟಾರ್ಟರ್ ಗಲಾಟೆ ಮಾಡುತ್ತವೆ. ತಂತಿಯ ಚೌಕಟ್ಟನ್ನು ಮನೆಯಿಂದ ದೂರ ಇಡಿ. ಕಾಲೇಜಿನ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ನನಗೆ ಕಂಡಿಲ್ಲ.

ಆದಿತ್ಯ ಎಲ್1 ಇರುವಾಗ ನಾವು ಯಾಕೆ ನೋಡಬೇಕು?

ನೋಡಲೇಬೇಕು ಅಂತಿಲ್ಲ. ಖುಷಿಗೆ ನೋಡುವುದು. ಸೂರ್ಯನನ್ನು ನೋಡುವ ಇಸ್ರೋದ ನೌಕೆ ಆದಿತ್ಯ 2023ರ ಸೆಪ್ಟೆಂಬರ್ 2ರಂದು ಹೊರಟು, 2024ರ ಜನವರಿ 6ರಂದು 15 ಲಕ್ಷ ಕಿಲೋಮೀಟರ್ ದೂರದ ತನ್ನ ಕಕ್ಷೆ ಸೇರಿತು. ಅದರ ಏಳು ಉಪಕರಣಗಳಲ್ಲಿ ವಿಇಎಲ್‌ಸಿ ಎಂಬುದು ಸೂರ್ಯನ ಬಿಂಬ ಮುಚ್ಚಿ ಸುತ್ತಲಿನ ಕರೋನಾ, ಅಂದರೆ ಸೂರ್ಯನ ಹೊರ ವಾತಾವರಣ ನೋಡುತ್ತದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದನ್ನು ಹೊಸಕೋಟೆಯಲ್ಲಿ ಕಟ್ಟಿತು. ಜ್ವಾಲೆಯ ಎಕ್ಸ್‌ರೇ ಅಳೆಯುವ ಸೊಲೆಕ್ಸ್, ಹೀಲಿಯೋಸ್ ಕೂಡ ಬೆಂಗಳೂರಿನವೇ. ನೆಲದ ಮೇಲೂ ನಮ್ಮ ರಾಜ್ಯದ ಪಾಲಿದೆ. ಗೌರಿಬಿದನೂರಿನ ರೇಡಿಯೋ ವೀಕ್ಷಣಾಲಯ ಸೂರ್ಯನ ಕರೋನಾವನ್ನು ರೇಡಿಯೋ ಅಲೆಗಳಲ್ಲಿ ನೋಡುತ್ತದೆ. ಪಕ್ಕದ ತಮಿಳುನಾಡಿನ ಕೊಡೈಕೆನಾಲ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷಗಳ ಸೂರ್ಯನ ಚಿತ್ರಗಳಿವೆ.

ಮೈಸೂರಿನಲ್ಲಿ ಅರೋರಾ ಕಾಣುತ್ತಾ?

ಅರೋರಾ ಅಂದರೆ ಧ್ರುವಗಳ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು. ಇಲ್ಲಿ ಅದರ ಆಸೆ ಬೇಡ. ನಾವು ಕಾಂತೀಯ ಸಮಭಾಜಕಕ್ಕೆ ಹತ್ತಿರ ಇದ್ದೇವೆ. 2024ರ ಮೇ ತಿಂಗಳ ದೊಡ್ಡ ಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ಕ್ಯಾಮೆರಾದಲ್ಲಿ ಕೆಂಪು ಬೆಳಕು ದಾಖಲಾಯಿತು. 1872ರ ಫೆಬ್ರುವರಿ 4ರ ಬಿರುಗಾಳಿಯಲ್ಲಿ ಮುಂಬೈಯಿಂದಲೂ ಕಂಡ ವರದಿ ಇದೆ. ಆದರೆ ಆ 2024ರ ಮೇನಲ್ಲೇ ಬಿರುಗಾಳಿ ಎಬ್ಬಿಸಿದ ಕಲೆಗಳ ಗುಂಪು ಸೌರ ಕನ್ನಡಕದಲ್ಲಿ ಬರಿಗಣ್ಣಿಗೇ ಕಾಣುವಷ್ಟು ದೊಡ್ಡದಿತ್ತು. ಭೂಮಿಗಿಂತ ಸುಮಾರು 15 ಪಟ್ಟು ಅಗಲ. ಅರೋರಾ ಲಡಾಖಿಗೆ ಸಿಕ್ಕಿತು, ಅದರ ಮೂಲ ಮಂಡ್ಯದ ಗದ್ದೆಯಿಂದಲೂ ಕಾಣುವಂತಿತ್ತು.

ಕರೆಂಟ್ ಹೋಗುತ್ತಾ? ಮೊಬೈಲ್ ಸುಡುತ್ತಾ? ಈ ಬೇಸಿಗೆಯ ಬಿಸಿಲು ಇದರಿಂದಾನಾ?

ಮೂರಕ್ಕೂ ಇಲ್ಲ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನಕ್ಕೆ ಒಂಬತ್ತು ಗಂಟೆ ಕರೆಂಟ್ ಇರಲಿಲ್ಲ, ನಿಜ. ಅದು ನಮಗಿಂತ ಕಾಂತ ಧ್ರುವಕ್ಕೆ ತುಂಬಾ ಹತ್ತಿರ. ನಮ್ಮ ಅಕ್ಷಾಂಶದಲ್ಲಿ ಆ ಅಪಾಯ ತುಂಬಾ ಕಡಿಮೆ. ನಿಮ್ಮ ಪಂಪ್‌ಸೆಟ್ಟಿನ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಸೂರ್ಯನನ್ನು ಬೈಯಬೇಡಿ. ಜಿಪಿಎಸ್ ಸ್ವಲ್ಪ ತಪ್ಪು ತೋರಿಸಬಹುದು. 2024ರ ಮೇನಲ್ಲಿ ಅಮೆರಿಕದ ರೈತರು ಜಿಪಿಎಸ್ ಟ್ರ್ಯಾಕ್ಟರ್ ಸರಿಯಾಗಿ ಓಡದೆ ಬಿತ್ತನೆ ನಿಲ್ಲಿಸಿದ್ದರು. ಉಪಗ್ರಹಗಳಿಗೆ ನಿಜವಾದ ತೊಂದರೆ ಇದೆ. ಬೇಸಿಗೆಯ ವಿಷಯಕ್ಕೆ ಬಂದರೆ, ಇಡೀ ಸೌರಚಕ್ರದಲ್ಲಿ ಸೂರ್ಯನ ಒಟ್ಟು ಶಕ್ತಿ ಏರಿಳಿಯುವುದು ಶೇಕಡಾ 0.1ರಷ್ಟು ಮಾತ್ರ.

ಜ್ವಾಲೆ ಕಂಡೆ ಅನಿಸಿದರೆ ಖಾತ್ರಿ ಮಾಡಿಕೊಳ್ಳುವುದು ಹೇಗೆ?

ಮೊದಲು ಗಂಟೆ ನಿಮಿಷ ಬರೆಯಿರಿ, ಫೋಟೋ ಆಮೇಲೆ. ಟೆಲಿಸ್ಕೋಪನ್ನು ಸ್ವಲ್ಪ ಸರಿಸಿ. ಹೊಳಪು ಸೂರ್ಯನ ಜೊತೆಗೇ ಸರಿದರೆ ಅದು ಲೆನ್ಸಿನ ಪ್ರತಿಫಲನವಲ್ಲ. ಎರಡು ನಿಮಿಷಕ್ಕೊಮ್ಮೆ ಹೊಳಪು ಏರಿತೋ ಇಳಿಯಿತೋ ಗುರುತು ಹಾಕಿ. ಆಮೇಲೆ ಗೋಸ್ ಗ್ರಾಫಿನಲ್ಲಿ ಅದೇ ಹೊತ್ತಿಗೆ ಏರು ಇದೆಯೇ ನೋಡಿ. ಗೊಂಗ್ ಎಂಬ ಜಾಲದ ಆರು ವೀಕ್ಷಣಾಲಯಗಳು ಪ್ರಪಂಚದ ಸುತ್ತ ಇವೆ, ಉದಯಪುರವೂ ಒಂದು. ಅವುಗಳ ಹೈಡ್ರೋಜನ್ ಆಲ್ಫಾ ಚಿತ್ರ ನಿಮಿಷಕ್ಕೊಂದರಂತೆ ಸಿಗುತ್ತದೆ. ನಿಮ್ಮ ಚಿತ್ರ ಅದಕ್ಕೆ ಹೋಲಿಸಿದರೆ ತಲೆಕೆಳಗಾಗಿಯೋ ಎಡಬಲ ಅದಲುಬದಲಾಗಿಯೋ ಇರಬಹುದು. ಕನ್ನಡಿ ಇರುವ ಟೆಲಿಸ್ಕೋಪುಗಳಲ್ಲಿ ಇದು ಮಾಮೂಲು, ತಿರುಗಿಸಿ ಹೋಲಿಸಿ.